ಮೂರು ಬೀಗದ ಪೆಟ್ಟಿಗೆ

ಇಗರ್ಜಿಯ ಬೀಗದಕೈ ನನ್ನ ಅಡುಗೆಮನೆಯ ಮೊಳೆಯಲ್ಲಿ,
ನಾಯಿಯ ಹಗ್ಗದ ಪಕ್ಕ.
ಬೇಸಿಗೆ ಬಂತೆಂದರೆ ಕದ ತಟ್ಟುತ್ತಾರೆ:
ಕೆನಡಾದವರು, ಟಾಸ್ಮೇನಿಯಾದವರು, ಇಲ್ಲೇ ಲೀಡ್ಸ್‌ನವರು,
ಕೈಯಲ್ಲೊಂದು ವಂಶವೃಕ್ಷ, ಬೇರಿನ ತುದಿಗೊಂದು ಪ್ರಶ್ನೆಚಿಹ್ನೆ.
"ನಮ್ಮವರ ಗೋರಿ ಎಲ್ಲಿ?"
ನಾನು ಹುಲ್ಲು ತೋರಿಸುತ್ತೇನೆ.
ಥಾರ್ಪ್ ಅಮರ್ಬಿಯಲ್ಲಿ ಕಲ್ಲು ನಿಲ್ಲಿಸಿದ್ದು ಹದಿನಾಲ್ಕು ಮನೆತನ.
ಉಳಿದವರ ಮೇಲೆ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತೇನೆ,
ನಾನೇ, ಮಂಗಳವಾರ, ಮಳೆ ಇಲ್ಲದಿದ್ದರೆ.

ಜ್ಞಾನಸ್ನಾನದ ದಫ್ತರದ ನಕಲು ಮೇಜಿನ ಮೇಲಿದೆ.
ಒಂದೇ ಹೆಸರು ನಾಲ್ಕು ಥರ: ಮಾಸ್ಕೆಲ್, ಮಸ್ಕಲ್, ಮಾಸ್ಕಿಲ್,
ಹೇಳಿದವಳಿಗೆ ನೆಗಡಿಯಾಗಿದ್ದ ಒಂದು ಚಳಿಗಾಲ, ಬಾಸ್ಕೆಲ್.
ಹೆಸರಿನ ಒಡತಿಗೆ ಓದು ಬಾರದು, ತಿದ್ದುವವರು ಯಾರು?
ಅವಳದೇ ಕೈ ಎಂದು ಉಳಿದದ್ದು ಒಂದು ಕತ್ತರಿ ಗುರುತು,
ಒಂದು ಗೆರೆ ಉದ್ದ, ಒಂದು ಗಿಡ್ಡ,
ಲೇಖನಿ ಹಿಡಿದ ಹಾಗಲ್ಲ, ಸೌಟು ಹಿಡಿದ ಹಾಗೆ.

ಪೆಟ್ಟಿಗೆಯ ಮಾತು ಬೇರೆ.
ಓಕ್ ಮರದ್ದು. ಮೂರು ಬೀಗ:
ಪಾದ್ರಿಗೊಂದು, ಇಬ್ಬರು ಪಾಲಕರಿಗೆ ಒಂದೊಂದು.
ಒಬ್ಬರನ್ನೊಬ್ಬರು ನಂಬದ ಮೂವರು
ದೇವರ ಲೆಕ್ಕ ಇಟ್ಟದ್ದು ಹಾಗೆ.
ಈಗ ಮೂರು ಕೈಯೂ ನನ್ನಲ್ಲೇ.
ನಂಬಿಕೆ ಹೆಚ್ಚಿತು ಅಂತಲ್ಲ, ಜನ ಇಲ್ಲ.
ಒಳಗೆ ಬಡವರ ಖಾತೆ:
ಗುಬ್ಬಿತಲೆ, ಡಜನ್ನಿಗೆ ಎರಡು ಪೆನ್ನಿ.
ಮುದುಕ ಫೆನಿಕ್‌ಗೆ ಒಂದು ಜೊತೆ ಬೂಟು.
ಅದೇ ಫೆನಿಕ್‌ಗೆ, ಮುಂದಿನ ವಾರ, ಶವಪೆಟ್ಟಿಗೆ.
(ಬೂಟು ಏನಾಯಿತೆಂದು ಬರೆದಿಲ್ಲ.)
ಎಲ್ಲದರ ತಳದಲ್ಲಿ, ಹಳೆಯ ಪ್ರಾರ್ಥನೆಪುಸ್ತಕದ ಅಡಿಗೆ, ಒಂದು ಕಾಗದ.
ಅಪ್ಪ ಇಟ್ಟಿದ್ದ. ಅಪ್ಪ ಇಟ್ಟಲ್ಲೇ ಇಟ್ಟೆ.

ಕಾಲವಲ್ಲದ ಕಾಲದಲ್ಲಿ, ಅಕ್ಟೋಬರಿನಲ್ಲಿ ಬಂದಳು
ಹಲ್ ಪಟ್ಟಣದ ನೊರೀನ್ ಕ್ವಾಂಟ್ರಿಲ್.
ಮೀನಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ.
ಮುಳ್ಳು ಹುಡುಕಿ ಪಳಗಿದ ಬೆರಳು
ತಳ ಮುಟ್ಟದೆ ಬಿಟ್ಟೀತೆ?
ಜೋರಾಗಿಯೇ ಓದಿದಳು:

"ಥಿರ್ಜಾ ಮಾಸ್ಕೆಲ್, ಒಂಟಿ ಹೆಂಗಸು, ತುಂಬು ಬಸುರಿ,
ಈ ಊರಿಗೆ ಹೊರೆಯಾಗುವ ಸಂಭವ ಇರುವುದರಿಂದ
ಹೆರಿಗೆಗೆ ಮೊದಲೇ ಆಕೆಯನ್ನು
ಸ್ಕೆಲ್‌ಗೇಟಿನ ಗಡಿಯಾಚೆ ಬಿಟ್ಟು ಬರತಕ್ಕದ್ದು.
ಗಾಡಿ ಬಾಡಿಗೆ ನಾಲ್ಕು ಶಿಲಿಂಗ್.
ಹೊದೆಯಲು ಗೋಣಿ ಒಂದು, ವಾಪಸು ತರುವುದು.
ಜನವರಿ ಇಪ್ಪತ್ತೊಂಬತ್ತು, ಸಾವಿರದ ಎಂಟುನೂರ ಇಪ್ಪತ್ತೇಳು.
ಆಂಬ್ರೋಸ್ ಲೆವರ್ಟನ್, ಪಾಲಕ."

ಗೋಡೆಯ ಹಲಗೆಯಲ್ಲಿ ಪಾಲಕರ ಪಟ್ಟಿ, ಚಿನ್ನದ ಬಣ್ಣದಲ್ಲಿ.
ಲೆವರ್ಟನ್ ಆರು ಸಲ ಬರುತ್ತದೆ.
ಕೊನೆಯದು ಗಾಡ್‌ಫ್ರಿ, ನಾನು.
ಅವಳು ಹಲಗೆ ನೋಡಿದಳು. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ,
ಅದು ಆಗಲೇ ಬಿಚ್ಚಿತ್ತು.

"ಅಕ್ಷರ ಮುತ್ತಿನ ಹಾಗಿದೆ" ಅಂದಳು.

ಅಷ್ಟೇ.
ಪೆನ್ಸಿಲಿನಲ್ಲಿ ನಕಲು ಮಾಡಿಕೊಂಡಳು, ಅಲ್ಪವಿರಾಮ ಸಹಿತ.
ಆಮೇಲೆ, ತಲೆ ಎತ್ತದೆ:
"ಗೋಣಿ ವಾಪಸು ಬಂತೆ?"
ಹುಡುಕಿದೆ. ಕೈ ನಡುಗಿದ್ದು ಚಳಿಗೆ ಅಂದುಕೊಳ್ಳಲಿ ಎಂದು
ಒಂದು ಸಲ ಊದಿಕೊಂಡೆ ಕೂಡ.
"ಬಂದಿದೆ. ಫೆಬ್ರವರಿ ಮೂರು."
ಅದನ್ನೂ ಬರೆದುಕೊಂಡಳು.

ಬೀಗ ಹಾಕುವಾಗ ಮೋಡ ಕಪ್ಪಗಾಗಿತ್ತು.
ಬಸ್ಸು ನಿಲ್ಲುವುದು ಸ್ಕೆಲ್‌ಗೇಟ್ ರಸ್ತೆಯಲ್ಲಿ, ಒಂದೂವರೆ ಮೈಲಿ.
ಕಾರಿನ ಕೀ ಕೈಯಲ್ಲೇ ಇತ್ತು, ರೂಢಿಯ ಬಾಯಿ ತೆರೆಯಿತು:
"ನಿಮ್ಮನ್ನು ಅಲ್ಲೀತನಕ ಬಿಟ್ಟು ಬರಲೇ?"

ಅಂದಮೇಲೆ ಕೇಳಿಸಿತು ನನಗೆ, ನಾನು ಅಂದದ್ದು.

ಅವಳು ತಲೆಗೆ ಸ್ಕಾರ್ಫ್ ಕಟ್ಟಿಕೊಂಡಳು, ಗಂಟು ಗದ್ದದ ಕೆಳಗೆ,
ಎರಡು ಸಲ ಬಿಗಿದಳು.
"ಬೇಡ. ನಾಯಿ ಇದೆಯಲ್ಲ, ಅದು ಬರಲಿ."

ಹೋಯಿತು.
ಕತ್ತಲಾದ ಎಷ್ಟೋ ಹೊತ್ತಿಗೆ ತಾನೇ ಹಿಂದಿರುಗಿತು,
ಹೊಟ್ಟೆಯ ತನಕ ಒದ್ದೆ.